ಅಪ್ಪನ ಬಗ್ಗೆ ಬರೆಯಲು ಕೂತರೆ ಎಲ್ಲರ ಅಪ್ಪನ ಹಾಗೆ ಬರುತ್ತಿದೆ

ನೀಲಿಶಾಯಿ:
ಅಪ್ಪ ಹೋಗಿ ಸ್ವಲ್ಪ ದಿನವಾಯಿತು. ಮನೆಯವರೆಲ್ಲ ಸೇರುವ ದಿನ ಒಂದು ಪುಟ ಓದಬೇಕು, ಆಮೇಲೆ ಅದನ್ನೇ ಅಚ್ಚು ಹಾಕಿಸಿ ನೆಂಟರಿಗೆ ಕೊಡಬೇಕು ಅಂತ ಮಾತಾಗಿದೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೂತಾಗಲೆಲ್ಲ ಒಂದೇ ಥರದ ಸಾಲು ಬರುತ್ತದೆ. "ಪ್ರೀತಿಯ ತಂದೆ, ಅಕ್ಕರೆಯ ಅಜ್ಜ, ಸರಳ ಮನುಷ್ಯ, ಕಷ್ಟಜೀವಿ." ಒಂದೂ ಸುಳ್ಳಲ್ಲ. ಆದರೆ ಹೆಸರು ತೆಗೆದು ಬೇರೆ ಯಾರದ್ದೋ ಹೆಸರು ಹಾಕಿದರೂ ನಡೆಯುತ್ತದೆ. ಅದನ್ನು ನನಗೆ ಸಹಿಸಲು ಆಗುತ್ತಿಲ್ಲ.

ಇನ್ನೊಂದು ವಿಷಯ. ನನ್ನ ಮಗಳಿಗೆ ನಾಲ್ಕು ವರ್ಷ. ಅಜ್ಜ ಅಂದರೆ ಅವಳಿಗೆ ಪ್ರಾಣ, ಅವರಿಗೂ ಅಷ್ಟೇ. ಇದೆಲ್ಲ ಅವಳಿಗೆ ನೆನಪಿರುತ್ತದಾ? ಅವಳು ದೊಡ್ಡವಳಾದ ಮೇಲೆ ಓದಿದರೆ ಅವರು ಸಿಗುವ ಹಾಗೆ ಬರೆಯುವುದು ಹೇಗೆ?

ಮತ್ತೆ ಅಣ್ಣನಿಗೂ ನನಗೂ ಒಂದು ಜಗಳ ನಡೀತಿದೆ. ಅಪ್ಪನ ಕೋಪದ ಬಗ್ಗೆ ಬರೆಯಬೇಕಾ ಬೇಡವಾ? ಅಣ್ಣ ಖಂಡಿತ ಬೇಡ ಅನ್ನುತ್ತಾನೆ. ನಿಮ್ಮಲ್ಲಿ ಯಾರಾದರೂ ಇಂಥದ್ದು ಬರೆದಿದ್ದರೆ ಹೇಳಿ.

ಸಂಜೆಗಾಳಿ:
ತುಂಬಾ ಬೇಸರವಾಯಿತು ಓದಿ. ಧೈರ್ಯ ತಂದುಕೊಳ್ಳಿ.
ಗುಣಗಳನ್ನು ಬಿಡಿ, ಅವರು ಮಾಡುತ್ತಿದ್ದದ್ದನ್ನು ಬರೆಯಿರಿ. ಮನೆಗೆ ಬಂದ ತಕ್ಷಣ ಮೊದಲು ಏನು ಮಾಡುತ್ತಿದ್ದರು? ಜೇಬಿನಲ್ಲಿ ಯಾವಾಗಲೂ ಏನಿರುತ್ತಿತ್ತು? ಫೋನ್ ಮಾಡಿದರೆ ಮೊದಲ ಮಾತು ಯಾವುದು? ನೀವಿಬ್ಬರೂ ನಡೆಯುವಾಗ ಯಾರು ಯಾವ ಕಡೆ? ಈ ನಾಲ್ಕಕ್ಕೆ ಉತ್ತರ ಬರೆದು ಇಲ್ಲೇ ಹಾಕಿ.

ರಾತ್ರಿಪಾಳಿ:
ಒಂದು ಮಾತು ಹೇಳಲೇಬೇಕು. "ಪ್ರೀತಿಯ ತಂದೆ" ಅನ್ನುವುದರಲ್ಲಿ ತಪ್ಪೇನಿದೆ? ಸೇರಿದವರು ದುಃಖದಲ್ಲಿ ಇರುತ್ತಾರೆ. ಅವರಿಗೆ ಸಾಹಿತ್ಯ ಬೇಕಾಗಿರುವುದಿಲ್ಲ. ಎಲ್ಲರೂ ಹೇಳುವ ಮಾತನ್ನೇ ಹೇಳಿದರೆ ಎಲ್ಲರೂ ತಲೆಯಾಡಿಸಬಹುದು, ಅದರಲ್ಲೂ ಒಂದು ಸಮಾಧಾನ ಇದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಸಂಜೆಗಾಳಿ:
ತಲೆಯಾಡಿಸಿ ಮನೆಗೆ ಹೋಗುತ್ತಾರೆ, ಸಂಜೆಯೊಳಗೆ ಮರೆಯುತ್ತಾರೆ. ಅವರು ಕೇಳುತ್ತಿರುವುದು ಹದಿನೈದು ವರ್ಷದ ನಂತರ ಓದುವ ಹುಡುಗಿಗಾಗಿ. ಆ ಹುಡುಗಿಗೆ "ಅಕ್ಕರೆಯ ಅಜ್ಜ" ಅನ್ನುವುದರಿಂದ ಏನೂ ಸಿಗುವುದಿಲ್ಲ.

ರಾತ್ರಿಪಾಳಿ:
ಹಾಗಾದರೆ ಎರಡು ಬರೆಯಲಿ. ಒಂದು ಓದಲು, ಒಂದು ಇಡಲು.

ಕಿರಿಮಗಳು:
ರಾತ್ರಿಪಾಳಿ ಅವರ ಈ ಕೊನೆಯ ಮಾತು ನನಗೆ ಸರಿ ಅನ್ನಿಸಿತು. ಆದರೆ ಬರೆಯುವ ಮೊದಲು ಇನ್ನೊಂದು ಕೆಲಸ ಇದೆ.

ಮನಶ್ಶಾಸ್ತ್ರದವರು ಗಮನಿಸಿರುವ ಒಂದು ಸಂಗತಿ ಕೇಳಿ. ವಯಸ್ಸಾದವರನ್ನು ಕೂರಿಸಿ ಬದುಕಿನ ಬಗ್ಗೆ ಕೇಳಿದರೆ, ಹೆಚ್ಚಿನ ನೆನಪುಗಳು ಸುಮಾರು 10ರಿಂದ 30 ವರ್ಷದ ನಡುವಿನವು. ಮೊದಲ ಕೆಲಸ, ಮೊದಲ ಗೆಳೆಯರು, ಮನೆ ಬಿಟ್ಟು ಹೊರಟದ್ದು, ಮದುವೆ, ಎಲ್ಲ ಅಲ್ಲೇ ಇರುತ್ತದೆ. ಈಗ ಲೆಕ್ಕ ಹಾಕಿ. ನಮಗೆ ಬುದ್ಧಿ ಬರುವ ಹೊತ್ತಿಗೆ ಅಪ್ಪನಿಗೆ ಮೂವತ್ತು ದಾಟಿರುತ್ತದೆ. ಅಂದರೆ ಅಪ್ಪನ ಮನಸ್ಸಿನಲ್ಲಿ ಅತಿ ದಟ್ಟವಾಗಿದ್ದ ಬದುಕಿನಲ್ಲಿ ನಾವು ಇರಲೇ ಇಲ್ಲ! ಮೊಮ್ಮಕ್ಕಳಂತೂ ಇನ್ನೂ ಮೂವತ್ತು ವರ್ಷ ತಡ.

ನನ್ನ ಅಪ್ಪ ತೀರಿದಾಗ ಅವರ ಹಳೇ ಗೆಳೆಯರೊಬ್ಬರು ಬಂದು ಮೂಲೆಯಲ್ಲಿ ಕೂತಿದ್ದರು. ಯಾರೂ ಅವರ ಹತ್ತಿರ ಮಾತಾಡಿರಲಿಲ್ಲ. ನಾನು ಹೋಗಿ ಕೂತೆ. "ನಿಮ್ಮಪ್ಪ ನಾಟಕದಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದ, ಗೊತ್ತಾ?" ಅಂದರು. ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಅಷ್ಟು ಗಂಭೀರವಾಗಿದ್ದ ಮನುಷ್ಯ! ಅವರು ಎದ್ದು ನಿಂತು ಅಪ್ಪನ ಒಂದು ಡೈಲಾಗ್ ಕೂಡ ಹೇಳಿ ತೋರಿಸಿದರು. ಆ ದಿನ ನಮ್ಮ ಮನೆಯಲ್ಲಿ ಮೊದಲ ಸಲ ಎಲ್ಲರೂ ನಕ್ಕರು.

ಹಾಗಾಗಿ ಅವರ ಅಣ್ಣತಮ್ಮಂದಿರು, ಜೊತೆಗೆ ಕೆಲಸ ಮಾಡಿದವರು, ಶಾಲೆಯ ಗೆಳೆಯರು ಯಾರಿದ್ದರೂ ಬೇಗ ಮಾತಾಡಿಸಿ. ಅವರಿಗೂ ವಯಸ್ಸಾಗಿರುತ್ತದೆ, ಮುಂದೆ ಹಾಕಬೇಡಿ.

ಹಳೇಟೇಪು:
ಬರೆಯುವುದೆಲ್ಲ ಸರಿ, ದನಿ ಇದೆಯಾ ನಿಮ್ಮ ಹತ್ತಿರ? ಮುಖಕ್ಕೆ ಫೋಟೊ ಇರುತ್ತದೆ, ದನಿಗೆ ಏನೂ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಅವರು ಕಳಿಸಿದ ವಾಯ್ಸ್ ಮೆಸೇಜ್ ಇದ್ದರೆ ಇವತ್ತೇ ಹೊರಗೆ ತೆಗೆದು ಕಂಪ್ಯೂಟರ್‌ಗೆ ಹಾಕಿ. ಅವರ ಫೋನನ್ನು ಚಾರ್ಜ್ ಮಾಡದೆ ಮೂಲೆಗೆ ಇಡಬೇಡಿ. ಸಾಮಾನ್ಯವಾಗಿ 120 ದಿನ ಬಳಸದೆ ಇದ್ದರೆ ವಾಟ್ಸಾಪ್ ಖಾತೆಯೇ ಅಳಿಸಿಹೋಗುತ್ತದೆ. ಗೂಗಲ್ ಖಾತೆ ಎರಡು ವರ್ಷ ಮುಟ್ಟದೆ ಬಿಟ್ಟರೆ ಅದನ್ನೂ ಅವರು ಅಳಿಸಬಹುದು, 2023ರಿಂದ ಆ ನಿಯಮ ಇದೆ. ಫೋಟೊಗಳೆಲ್ಲ ಅದರಲ್ಲೇ ಇರುತ್ತವಲ್ಲ!

ಹಳೇ ಕ್ಯಾಸೆಟ್ ಸಿಕ್ಕರೆ ಮೊದಲು ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಎಸಳು ಮುರಿಯಿರಿ. ಆಗ ಅದರ ಮೇಲೆ ಬೇರೆ ಏನೂ ರೆಕಾರ್ಡ್ ಆಗುವುದಿಲ್ಲ. ಮತ್ತೆ ಮತ್ತೆ ಹಾಕಿ ಕೇಳಬೇಡಿ. ಒಂದೇ ಸಲ, ಹೆಡ್ ಒರೆಸಿದ ಒಳ್ಳೆಯ ಪ್ಲೇಯರ್‌ನಲ್ಲಿ ಹಾಕಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲ್ ಆಗಿ ಇಡಿ, ಎಂಪಿ3 ಬೇಕಾದರೆ ಆಮೇಲೆ ಮಾಡಿಕೊಳ್ಳಬಹುದು. ಮೂರು ಪ್ರತಿ, ಎರಡು ಬೇರೆ ಥರದ ಸಾಧನದಲ್ಲಿ, ಒಂದು ಬೇರೆಯವರ ಮನೆಯಲ್ಲಿ.

ಎಡಿಸನ್ 1877ರಲ್ಲಿ ಫೋನೋಗ್ರಾಫ್, ಅಂದರೆ ದನಿ ಹಿಡಿದು ಮತ್ತೆ ಕೇಳಿಸುವ ಯಂತ್ರ, ಮಾಡಿದ ಮರುವರ್ಷವೇ ಅದು ಯಾವ್ಯಾವುದಕ್ಕೆ ಉಪಯೋಗ ಅಂತ ಒಂದು ಪಟ್ಟಿ ಬರೆದಿದ್ದ. ಮನೆಮಂದಿಯ ಮಾತು, ನೆನಪುಗಳನ್ನು ಅವರವರ ದನಿಯಲ್ಲೇ ಹಿಡಿದಿಡುವುದು ಆ ಪಟ್ಟಿಯಲ್ಲಿತ್ತು. ಸಾಯುವವರ ಕೊನೆ ಮಾತು ಕೂಡ. ಯಂತ್ರ ಹುಟ್ಟಿದಾಗಲೇ ಈ ಆಸೆ ಇತ್ತು ನೋಡಿ.

ಮಳೆಹನಿ:
ನನಗೆ ಅಪ್ಪನ ದನಿ ಕೇಳಲು ಇನ್ನೂ ಆಗುವುದಿಲ್ಲ. ಫೈಲ್ ಇದೆ. ತೆರೆದಿಲ್ಲ.

ಹಳೇಟೇಪು:
ತೆರೆಯಲೇಬೇಕು ಅಂತೇನಿಲ್ಲ. ಇರಲಿ. ಬೇಕಾದ ದಿನ ಅಲ್ಲಿರುತ್ತದೆ, ಅಷ್ಟು ಸಾಕು.

ದಾರಿದೀಪ:
ಫೋಟೊ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಹಳೇ ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತು ಮುಂದೆ ಮೂಡುತ್ತದೆ, ಶಾಯಿಯೂ ಹಬ್ಬುತ್ತದೆ. ಮೆತ್ತಗಿನ ಪೆನ್ಸಿಲ್ ಸಾಕು. ಲ್ಯಾಮಿನೇಟ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲು ಆಗುವುದಿಲ್ಲ. ಅಂಟಿನ ಪುಟದ ಆಲ್ಬಂನಿಂದ ಹೊರಗೆ ತೆಗೆಯಿರಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಚಿಕ್ಕ ಫೋಟೊಗಳಿಗೆ ಸ್ಕ್ಯಾನರ್‌ನಲ್ಲಿ 600 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಇಡಿ.

ಮತ್ತೆ ಫೋಟೊದಲ್ಲಿ ಇರುವವರು ಯಾರು ಅಂತ ಗೊತ್ತಿರುವವರು ಬದುಕಿರುವಾಗಲೇ ಹೆಸರು ಬರೆಸಿ. ಇದು ಸ್ಕ್ಯಾನಿಂಗ್‌ಗಿಂತ ಮುಖ್ಯ.

ಬಾಲವಾಡಿ:
ನಾನು ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವವಳು. ಮಗಳ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದಕ್ಕೇ ಬಂದೆ.

ದೊಡ್ಡವರನ್ನು "ನಿಮ್ಮ ಮೊಟ್ಟಮೊದಲ ನೆನಪು ಯಾವಾಗಿನದು" ಅಂತ ಕೇಳಿದರೆ ಸರಾಸರಿ ಮೂರು, ಮೂರೂವರೆ ವರ್ಷದ್ದು ಬರುತ್ತದೆ. ಅದಕ್ಕಿಂತ ಹಿಂದಿನದು ಬಹುತೇಕ ಅಳಿಸಿಹೋಗಿರುತ್ತದೆ. ನಾಲ್ಕು ವರ್ಷದ ಮಗುವಿಗೆ ಈಗ ಅಜ್ಜ ಪೂರ್ತಿ ನೆನಪಿದ್ದಾರೆ, ಆದರೆ ಆರೇಳು ವರ್ಷದ ಹೊತ್ತಿಗೆ ತುಂಬಾ ಜಾರುತ್ತದೆ. ಉಳಿಯುವುದು ಯಾವುದು ಗೊತ್ತಾ? ಮನೆಯಲ್ಲಿ ಮಾತಾಡಿದ್ದು. "ಅಜ್ಜ ನೆನಪಿದ್ದಾರಾ?" ಅಂತ ಕೇಳಿ ಸುಮ್ಮನಾಗಬೇಡಿ. "ಅಜ್ಜನ ಜೊತೆ ಬಾಗಿಲ ಹತ್ತಿರ ಏನು ಆಟ ಆಡುತ್ತಿದ್ದೆ? ಆಮೇಲೆ ಏನಾಯಿತು? ಅಜ್ಜ ಏನಂದರು?" ಅಂತ ಅವಳಿಂದಲೇ ಕಥೆ ಬಿಡಿಸಿ. ನ್ಯೂಜಿಲೆಂಡ್‌ನಲ್ಲಿ ಈ ಬಗ್ಗೆ ಸಂಶೋಧನೆ ನಡೆದಿದೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಮೊದಲ ನೆನಪು ಸರಾಸರಿ ಇನ್ನೂ ಹಿಂದಿನದು, ಮೂರು ವರ್ಷಕ್ಕೂ ಮೊದಲಿನದು. ಹಿಂದಿನವರ ಕಥೆಗೆ ಅವರಲ್ಲಿ ತುಂಬಾ ಬೆಲೆ, ಅದೇ ಕಾರಣ ಇರಬಹುದು ಅನ್ನುತ್ತಾರೆ.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಡಿ, ವ್ಯಾಕರಣ ತಿದ್ದಬೇಡಿ. ನಿಮ್ಮ ಒಂದು ಪುಟಕ್ಕಿಂತ ಅದೇ ಅವಳಿಗೆ ದೊಡ್ಡ ಆಸ್ತಿ.

ಇನ್ನೊಂದು. "ಅಜ್ಜ ಮಲಗಿದ್ದಾರೆ", "ದೂರ ಹೋಗಿದ್ದಾರೆ" ಅನ್ನಬೇಡಿ. ಈ ವಯಸ್ಸಿನವರು ಸಾವು ಅಂದರೆ ತಿರುಗಿ ಬರಬಹುದಾದದ್ದು ಅಂತಲೇ ತಿಳಿದಿರುತ್ತಾರೆ. ಮಲಗಿದ್ದಾರೆ ಅಂದರೆ ತಾವು ಮಲಗಲು ಹೆದರುತ್ತಾರೆ. "ಅಜ್ಜನ ದೇಹ ಕೆಲಸ ಮಾಡುವುದು ನಿಂತುಹೋಯಿತು, ಅವರು ಇನ್ನು ಬರುವುದಿಲ್ಲ" ಅಂತ ನೇರವಾಗಿ ಹೇಳಿ. ಹತ್ತು ಸಲ ಕೇಳುತ್ತಾಳೆ. ಹತ್ತು ಸಲವೂ ಅದನ್ನೇ ಹೇಳಿ. ಒಂದು ನಿಮಿಷ ಅತ್ತು ಮರುನಿಮಿಷ ಆಡಲು ಓಡಿದರೆ ಗಾಬರಿ ಬೇಡ. ಮಕ್ಕಳ ದುಃಖ ಮಳೆನೀರಿನ ಗುಂಡಿಗೆ ಹಾರಿ ಹೊರಗೆ ಬಂದ ಹಾಗೆ.

ನೀಲಿಶಾಯಿ:
ಬಾಲವಾಡಿ ಅವರೇ, ಇದನ್ನು ಓದಿ ಅತ್ತುಬಿಟ್ಟೆ. ನಾವು ಮನೆಯಲ್ಲಿ "ದೂರ ಹೋಗಿದ್ದಾರೆ" ಅಂತಲೇ ಹೇಳುತ್ತಿದ್ದೇವೆ. ಇವತ್ತು ಅವಳ ಹತ್ತಿರ ಸರಿಯಾಗಿ ಮಾತಾಡುತ್ತೇನೆ.

ಸಂಜೆಗಾಳಿ ಅವರ ಪ್ರಶ್ನೆಗಳಿಗೆ ಉತ್ತರ. ಮನೆಗೆ ಬಂದ ತಕ್ಷಣ ಗಡಿಯಾರಕ್ಕೆ ಕೀ ಕೊಡುತ್ತಿದ್ದರು, ಚಪ್ಪಲಿ ಬಿಡುವುದಕ್ಕೂ ಮೊದಲು. ಜೇಬಿನಲ್ಲಿ ಒಂದು ಪುಟ್ಟ ಸ್ಕ್ರೂಡ್ರೈವರ್. ಫೋನಿನಲ್ಲಿ ಮೊದಲ ಮಾತು "ಎಲ್ಲಿದ್ದೀಯಾ", ಹಲೋ ಇಲ್ಲ. ನಡೆಯುವಾಗ ನಾವೆಲ್ಲ ಅವರ ಎಡಕ್ಕೆ. ಚಿಕ್ಕಂದಿನಲ್ಲಿ ಸೋಂಕಾಗಿ ಬಲಗಿವಿ ಕೇಳುತ್ತಿರಲಿಲ್ಲ. ನನ್ನ ಮಗಳು ಗುಟ್ಟು ಹೇಳುವುದನ್ನು ಕಲಿತದ್ದೇ ಅಜ್ಜನ ಹತ್ತಿರ. ಈಗ ಯಾರಿಗೆ ಗುಟ್ಟು ಹೇಳಬೇಕಾದರೂ ಸುತ್ತಿ ಬಂದು ಎಡಗಿವಿಗೇ ಹೇಳುತ್ತಾಳೆ.

ಸಂಜೆಗಾಳಿ:
ಸಿಕ್ಕಿತಲ್ಲ! ಬೇರೆ ಯಾರ ಹೆಸರು ಹಾಕಿದರೂ ಈ ಸಾಲು ನಡೆಯುವುದಿಲ್ಲ.

ರಾತ್ರಿಪಾಳಿ:
ಒಪ್ಪಿದೆ. ಇದನ್ನು ಸಭೆಯಲ್ಲೂ ಓದಿ.

ಹೊಸಬ:
ನೀವು ಇನ್ನೂ ನಿರಾಕರಣೆಯ ಹಂತದಲ್ಲಿದ್ದೀರಿ ಅನ್ನಿಸುತ್ತದೆ. ದುಃಖಕ್ಕೆ ಐದು ಹಂತ ಇದೆ, ಕೊನೆಗೆ ಒಪ್ಪಿಕೊಳ್ಳುವುದು. ಅಲ್ಲಿಯವರೆಗೆ ಬರೆಯದೆ ಇರುವುದು ಒಳ್ಳೆಯದು.

ಬಾಲವಾಡಿ:
ಹೊಸಬರೇ, ಆ ಐದು ಹಂತ ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಬರೆದದ್ದು. ಅವರು ಮಾತಾಡಿಸಿದ್ದು ಸಾವು ಹತ್ತಿರವಾಗಿದ್ದ ರೋಗಿಗಳನ್ನು. ಮನೆಯವರನ್ನು ಕಳೆದುಕೊಂಡವರಿಗೆ ಅದನ್ನು ಅಂಟಿಸಿದ್ದು ಆಮೇಲೆ. ಎಲ್ಲರೂ ಆ ಮೆಟ್ಟಿಲು ಹತ್ತುವುದಿಲ್ಲ, ಅದೇ ಕ್ರಮದಲ್ಲಂತೂ ಅಲ್ಲ. ದಯವಿಟ್ಟು ಯಾರಿಗೂ ನೀವು ಇಂಥ ಹಂತದಲ್ಲಿದ್ದೀರಿ ಅನ್ನಬೇಡಿ.

ಕಿರಿಮಗಳು:
ಬರೆಯಬೇಕಾದರೆ ಸಾವನ್ನು ಒಪ್ಪಿಕೊಳ್ಳುವವರೆಗೆ ಕಾಯಬೇಕು ಅನ್ನುವುದನ್ನು ನಾನೂ ಒಪ್ಪುವುದಿಲ್ಲ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಕಥೆಯೇ ಇದಕ್ಕೆ ಉತ್ತರ. 1917ರ ಲೇಖನದಲ್ಲಿ ಅವರು, ದುಃಖದ ಕೆಲಸ ಅಂದರೆ ಹೋದವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದು ಅಂದಿದ್ದರು. 1920ರಲ್ಲಿ ಮಗಳು ಸೋಫಿ ತೀರಿಕೊಂಡಳು. 1923ರಲ್ಲಿ ಅವಳ ಪುಟ್ಟ ಮಗನೂ ಹೋದ. ನಾಲ್ಕು ದಾಟಿದ್ದ ಆ ಮೊಮ್ಮಗ ಅಂದರೆ ಅಜ್ಜನಿಗೆ ಜೀವ. 1929ರಲ್ಲಿ, ಮಗನನ್ನು ಕಳೆದುಕೊಂಡ ಗೆಳೆಯನಿಗೆ ಬರೆದ ಕಾಗದದಲ್ಲಿ ಮಾತೇ ಬೇರೆ. ಆ ಜಾಗ ಪೂರ್ತಿ ತುಂಬುವುದೇ ಇಲ್ಲ, ತುಂಬಬೇಕಾಗಿಯೂ ಇಲ್ಲ, ಆ ಪ್ರೀತಿಯನ್ನು ಬಿಡದೆ ಉಳಿಸಿಕೊಳ್ಳುವ ದಾರಿ ಅದೊಂದೇ ಅನ್ನುವ ಅರ್ಥದ ಮಾತು. 1990ರ ದಶಕದಿಂದ ಈಚೆಗೆ ಸಂಶೋಧಕರೂ ಹೋದವರ ಜೊತೆ ನಂಟು ಮುಂದುವರಿಯುವುದು ಸಹಜ ಅಂತಲೇ ಹೇಳುತ್ತಿದ್ದಾರೆ.

ಕಲ್ಲುಹಾದಿ:
ಕೋಪದ ವಿಷಯ ಎಲ್ಲರೂ ಬಿಟ್ಟುಬಿಟ್ಟಿರಿ. ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ.

ನನ್ನ ಅಪ್ಪ ನನ್ನ ಮಕ್ಕಳಿಗೆ ದೇವರಂಥ ಅಜ್ಜ. ಬೆನ್ನ ಮೇಲೆ ಕೂರಿಸಿಕೊಂಡು ಮನೆ ತುಂಬ ಓಡಾಡಿದರು. ಅದೇ ಕೈಯಿಂದ ನಾವು ಮೂರು ಜನ ಹೊಡೆತ ತಿಂದಿದ್ದೇವೆ. ಒಂದು ದಿನವೂ ನಮ್ಮ ಜೊತೆ ಆಡಿದವರಲ್ಲ. ಅವರು ಹೋದಾಗ ಬಂದವರೆಲ್ಲ "ಎಂಥ ಮಮತೆ" ಅಂದರು. ನನ್ನ ತಂಗಿ ಎದ್ದು ಒಳಗೆ ಹೋದಳು. ಅವಳು ಯಾಕೆ ಎದ್ದಳು ಅಂತ ನಮಗೆ ಮಾತ್ರ ಗೊತ್ತು. ಬರೆಯಬೇಡಿ ಅನ್ನುವವರು ಹೋದವರ ಮರ್ಯಾದೆ ನೋಡುತ್ತಾರೆ. ಬದುಕಿರುವವರು ನುಂಗಿಕೊಂಡಿರಬೇಕು. ಇದು ನ್ಯಾಯವಲ್ಲ.

ದಾರಿದೀಪ:
ನೋವಾಯಿತು ಓದಿ. ಆದರೆ ಅಚ್ಚು ಹಾಕಿಸಿ ನೆಂಟರಿಗೆ ಹಂಚುವ ಪುಟದಲ್ಲಿ ಅದು ಬೇಕಾ? ಮುಂದೆ ಕೂತಿರುವ ಅಮ್ಮನ ಗತಿ ಏನು? ಹೋದವರು ಉತ್ತರ ಕೊಡಲು ಆಗುವುದಿಲ್ಲ ಅನ್ನುವುದೂ ಇದೆಯಲ್ಲ.

ಕಲ್ಲುಹಾದಿ:
ಹೊಡೆತದ ಲೆಕ್ಕ ಓದಿ ಅಂತ ನಾನು ಹೇಳಲಿಲ್ಲ. "ಎಂದೂ ಕೋಪ ಮಾಡಿಕೊಂಡವರಲ್ಲ" ಅಂತ ಬರೆಯಬೇಡಿ ಅಷ್ಟೇ. ಸುಮ್ಮನಿರುವುದು ಬೇರೆ, ಸುಳ್ಳು ಬರೆಯುವುದು ಬೇರೆ.

ಮಳೆಹನಿ:
ಈ ಕೊನೆಯ ಸಾಲಿಗೆ ನನ್ನ ಪೂರ್ತಿ ಒಪ್ಪಿಗೆ.

ರಾತ್ರಿಪಾಳಿ:
ಒಂದು ಸಂಗತಿ ಗಮನಿಸಿದ್ದೀರಾ? ಈ ಥರ ಅಪ್ಪಂದಿರು ತುಂಬಾ ಜನ. ನಮಗೆ ಗಟ್ಟಿ, ಮೊಮ್ಮಕ್ಕಳಿಗೆ ಬೆಣ್ಣೆ. ನಮ್ಮ ಕಾಲದಲ್ಲಿ ಅವರಿಗೆ ದುಡಿಮೆ, ಸಾಲ, ನಾಳೆಯ ಚಿಂತೆ. ಮೊಮ್ಮಕ್ಕಳ ಹೊತ್ತಿಗೆ ಕೈ ಖಾಲಿ, ಹೊತ್ತು ಬೇಕಾದಷ್ಟು. ಅಜ್ಜನಾದಾಗ ಅವರು ನಿಜವಾಗಿ ಹೇಗಿದ್ದರೋ ಹಾಗೆ ಕಂಡರು ಅಂತ ನನಗನ್ನಿಸುತ್ತದೆ.

ಕಲ್ಲುಹಾದಿ:
ಎರಡೂ ನಿಜವಾದವರೇ ರಾತ್ರಿಪಾಳಿ ಅವರೇ. ಹೊಡೆದವರು ಬೇರೆ ಯಾರೋ ಅಲ್ಲ.

ಕಿರಿಮಗಳು:
ಕೋಪ ಅಂದರೆ ಒಂದೇ ಅಲ್ಲ. ಹೊಡೆತ ಬೇರೆ, ಸಿಡುಕು ಬೇರೆ. ನೀಲಿಶಾಯಿ ಅವರ ಅಪ್ಪನದು ಯಾವುದು? ಅದು ಗೊತ್ತಾಗದೆ ನಾವು ಇಲ್ಲಿ ಕಿತ್ತಾಡುತ್ತಿದ್ದೇವೆ.

ನೀಲಿಶಾಯಿ:
ಸಿಡುಕು. ಒಂದು ದಿನವೂ ಕೈ ಎತ್ತಲಿಲ್ಲ. ಆದರೆ ಯಾರಾದರೂ ಹೇಳಿದ ಹೊತ್ತಿಗೆ ಬರದಿದ್ದರೆ ಮನೆಯೇ ನಡುಗುತ್ತಿತ್ತು. ಅವರು ಮಾತ್ರ ಕೆಲಸದಿಂದ ತಡವಾಗಿ ಬರುತ್ತಿದ್ದರು, ಕೇಳುವ ಹಾಗಿರಲಿಲ್ಲ. ಅಮ್ಮನಿಗೆ ಅದೇ ದೊಡ್ಡ ಬೇಜಾರು.

ಕಿರಿಮಗಳು ಅವರ ಮಾತು ಕೇಳಿ ಅಪ್ಪನ ಜೊತೆ ಲೇತ್ ಮೇಲೆ ಕೆಲಸ ಮಾಡುತ್ತಿದ್ದವರೊಬ್ಬರಿಗೆ ಫೋನ್ ಮಾಡಿದೆ. ಪಾಳಿ ಮುಗಿದ ಮೇಲೆ ಹೊಸ ಹುಡುಗರನ್ನು ಕೂರಿಸಿಕೊಂಡು ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಓದುವುದನ್ನು ಕಲಿಸುತ್ತಿದ್ದರಂತೆ. ವರ್ಷಗಟ್ಟಲೆ. ದುಡ್ಡಿಲ್ಲದೆ. ನಾವು ಅದನ್ನು ಓವರ್‌ಟೈಮ್ ಅಂದುಕೊಂಡಿದ್ದೆವು. ಫೋನಿನಲ್ಲಿ ಆ ಮನುಷ್ಯರು ಅಳುತ್ತಿದ್ದರು. "ನಾನು ಕಲಿತದ್ದೇ ಹಾಗೆ, ನನ್ನ ಮಕ್ಕಳ ಓದು ಅದರಲ್ಲೇ ಆಯಿತು" ಅಂದರು.

ಅಮ್ಮನಿಗೆ ಹೇಳಿದೆ. ಅಮ್ಮ "ನನಗೊಂದು ಮಾತು ಹೇಳಬಾರದಿತ್ತಾ" ಅಂದರು. ಸಿಟ್ಟು ಇನ್ನೂ ಇದೆ ಅಮ್ಮನಿಗೆ. ನನಗೂ ಇದೆ. ಆದರೆ ಇದು ಪುಟದಲ್ಲಿ ಬರಲೇಬೇಕು.

ದಾರಿದೀಪ:
ಅಮ್ಮನ ಆ ಮಾತನ್ನೂ ಬರೆಯಿರಿ. ಅವರು ಒಪ್ಪಿದರೆ.

ಪುಸ್ತಕದಹುಳು:
ತಡವಾಗಿ ಬಂದೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದವರು ಮಕ್ಕಳಿಗೆ 20 ಪ್ರಶ್ನೆ ಕೇಳಿದ್ದರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅಮ್ಮ ಹೇಗೆ ಭೇಟಿಯಾದರು, ಇಂಥವು. ಮನೆಯ ಕಥೆ ಜಾಸ್ತಿ ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ನಂಬಿಕೆ ಜಾಸ್ತಿ ಇತ್ತಂತೆ. ಹಾಗಾಗಿ ಮಗಳಿಗೆ ಆ 20 ಉತ್ತರ ಕಲಿಸಿಬಿಡಿ.

ಬಾಲವಾಡಿ:
ಬಾಯಿಪಾಠ ಮಾಡಿಸಿದರೆ ಏನೂ ಆಗುವುದಿಲ್ಲ. ಆ ಸಂಶೋಧಕರೇ ಅದನ್ನು ಹೇಳಿದ್ದಾರೆ. ಕಥೆ ಗೊತ್ತಿರುವ ಮನೆ ಅಂದರೆ ಕೂತು ಮಾತಾಡುವ ಮನೆ. ಉಪಯೋಗಕ್ಕೆ ಬಂದಿರುವುದು ಆ ಕೂತು ಮಾತಾಡುವುದೇ ಇರಬಹುದು.

ಅಂದಹಾಗೆ ಗೆದ್ದ ಕಥೆಯ ಜೊತೆ ಸೋತ ಕಥೆಯೂ ಮಕ್ಕಳಿಗೆ ಬೇಕು. ಅಜ್ಜನ ಸಿಡುಕು ಗೊತ್ತಿದ್ದರೆ ಅವಳಿಗೆ ಅಜ್ಜ ಇನ್ನೂ ಹತ್ತಿರ ಆಗುತ್ತಾರೆ, ದೂರ ಆಗುವುದಿಲ್ಲ.

ನೀಲಿಶಾಯಿ:
ಬರೆದದ್ದು ಹಾಕುತ್ತಿದ್ದೇನೆ, ಮೊದಲ ಪ್ಯಾರಾ ಮಾತ್ರ.

"ಅಪ್ಪನಿಗೆ ಬಲಗಿವಿ ಕೇಳುತ್ತಿರಲಿಲ್ಲ, ಹಾಗಾಗಿ ಅವರನ್ನು ಪ್ರೀತಿಸಿದವರೆಲ್ಲ ಎಡಕ್ಕೆ ನಡೆದೆವು. ಹೊತ್ತು ಮೀರಿ ಬಂದವರನ್ನು ಅವರು ಕ್ಷಮಿಸುತ್ತಿರಲಿಲ್ಲ. ತಾವು ಮಾತ್ರ ದಿನಾ ತಡವಾಗಿ ಬಂದರು. ಯಾಕೆ ಅಂತ ಅವರು ಹೋದ ಮೇಲೆ ಅವರ ಶಿಷ್ಯರೊಬ್ಬರು ಹೇಳಿದರು. ಅಮ್ಮ ಇನ್ನೂ ಅವರನ್ನು ಅದಕ್ಕಾಗಿ ಬಯ್ಯುತ್ತಾರೆ."

ಅಣ್ಣ ಓದಿದ. ಎರಡನೇ ಸಾಲು ತೆಗೆ ಅಂದ. ಆಮೇಲೆ ಅವನೇ ಫೋನ್ ಮಾಡಿ ಇರಲಿ ಬಿಡು ಅಂದ.

ಕಲ್ಲುಹಾದಿ:
ಚೆನ್ನಾಗಿದೆ. ಒಂದು ಪದವನ್ನೂ ಮುಟ್ಟಬೇಡಿ.

ರಾತ್ರಿಪಾಳಿ:
"ಪ್ರೀತಿಸಿದವರೆಲ್ಲ" ಅಂತ ಇದೆ, ನೋಡಿದಿರಾ? ನಾನು ಹೇಳಿದ ಸಮಾಧಾನದ ಮಾತೂ ಒಳಗೆ ಬಂತು.

ಹೊಸಬ:
ನನ್ನ ಅಪ್ಪ ಇದ್ದಾರೆ, 82 ವರ್ಷ. ಇದನ್ನೆಲ್ಲ ಓದಿ ಕೂರಿಸಿ ಕೇಳಬೇಕು ಅನ್ನಿಸಿತು. ಆದರೆ ಅವರು ಮಾತು ಕಡಿಮೆ. "ನನ್ನದೇನಿದೆ ಹೇಳಲು" ಅನ್ನುತ್ತಾರೆ. ಎಲ್ಲಿಂದ ಶುರು ಮಾಡುವುದು?

ಕಿರಿಮಗಳು:
"ನಿಮ್ಮ ಜೀವನದ ಕಥೆ ಹೇಳಿ" ಅಂತ ಮಾತ್ರ ಕೇಳಬೇಡಿ, ಯಾರೂ ಹೇಳುವುದಿಲ್ಲ. ಹಳೇ ಫೋಟೊ ಒಂದು ಮುಂದಿಡಿ, ಅದರಲ್ಲಿರುವ ಇನ್ನೊಬ್ಬರ ಬಗ್ಗೆ ಕೇಳಿ. ಅವರ ಬಗ್ಗೆ ಹೇಳುತ್ತಾ ತಮ್ಮದನ್ನೂ ಹೇಳುತ್ತಾರೆ. ಕೆಲಸ ಯಾರು ಕಲಿಸಿದರು, ಮೊದಲ ಸಂಬಳದಲ್ಲಿ ಏನು ಮಾಡಿದರು, ಇಂಥವು ಕೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಹಾರಬೇಡಿ.

ಹಳೇಟೇಪು:
ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅವರ ಹತ್ತಿರ ಇಡಿ. ಟಿವಿ, ಫ್ಯಾನ್ ಆರಿಸಿ. ಬೆಳಿಗ್ಗೆ ಹೊತ್ತು ಒಳ್ಳೆಯದು, ಸಂಜೆಗೆ ದಣಿದಿರುತ್ತಾರೆ. ಅಮೆರಿಕದಲ್ಲಿ 2003ರಿಂದ ಸ್ಟೋರಿಕಾರ್ಪ್ಸ್ ಅನ್ನುವವರು ಮನೆಮಂದಿಯ ಇಂಥ ಮಾತುಕತೆ ರೆಕಾರ್ಡ್ ಮಾಡುತ್ತಾರೆ, ಒಂದು ಸಲಕ್ಕೆ 40 ನಿಮಿಷ. ಅಷ್ಟು ಸಾಕು. ರೆಕಾರ್ಡ್ ಆಗುತ್ತಿದೆ ಅಂತ ಅವರಿಗೆ ಹೇಳಿಯೇ ಶುರು ಮಾಡಿ, ಕದ್ದು ಮಾಡಬೇಡಿ.

ಬಾಲವಾಡಿ:
ಮೊಮ್ಮಕ್ಕಳಿದ್ದರೆ ಪ್ರಶ್ನೆ ಅವರಿಂದ ಕೇಳಿಸಿ. ಮಗನಿಗೆ "ಏನಿಲ್ಲ" ಅನ್ನುವವರು ಮೊಮ್ಮಗನಿಗೆ ಗಂಟೆಗಟ್ಟಲೆ ಹೇಳುತ್ತಾರೆ.

ಹೊಸಬ:
ಇದ್ದಾನೆ, ಒಂಬತ್ತು ವರ್ಷ. ಅವನಿಗೆ ಪ್ರಶ್ನೆ ಕೇಳುವುದು ಅಂದರೆ ಇಷ್ಟ. ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಕೂರಿಸುತ್ತೇನೆ. ಫೋಟೊ ಡಬ್ಬ ಎಲ್ಲಿದೆ ಅಂತ ಅಮ್ಮನನ್ನು ಕೇಳಬೇಕು.